ಅಪ್ಪನ ಡಿಸ್ಕ್ ಸವೆದಿದ್ದರೆ ಮಗನದೂ ಸವೆಯುತ್ತದೆಯೇ? ‘ಶೇ 75 ವಂಶಪಾರಂಪರ್ಯ’ ಎಂಬ ಫಾರ್ವರ್ಡ್‌ನ ಅಸಲಿ ಲೆಕ್ಕ

ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನ ಓದುಗರೊಬ್ಬರು ನಮಗೊಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿ, ಅದರ ಕೆಳಗೆ ಹೀಗೆ ಬರೆದಿದ್ದರು: “ಸರ್, ಇದು ಖರೆ ಏನ್ರಿ? ನಮ್ಮಪ್ಪಗ ಡಿಸ್ಕ್ ಸವದೈತಿ. ಹೋದ ತಿಂಗಳ ಅಣ್ಣಗ ಎಂಆರ್‌ಐ ಮಾಡ್ಸಿದ್ವಿ, ಅವಗೂ ಅದ ಬಂದೈತಿ. ತಂಗಿಗೆ ಗಂಡು ನೋಡಾಕತ್ತೀವಿ. ಅವರ ಮನಿಯವ್ರಿಗೂ ಈ ಮೆಸೇಜ್ ಹೋಗೈತಿ.”

ಫಾರ್ವರ್ಡ್ ಹೇಳುವುದಿಷ್ಟು. ಬೆನ್ನಿನ ಡಿಸ್ಕ್ ಸವೆತ ಶೇ 75ರಷ್ಟು ವಂಶಪಾರಂಪರ್ಯ ಎಂದು ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ. ಆದ್ದರಿಂದ ತಂದೆಗೋ ತಾಯಿಗೋ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ 100ಕ್ಕೆ 75. ಎಂಜಲಿನ ಮಾದರಿ ಕೊಟ್ಟು ಜೀನ್ ಪರೀಕ್ಷೆ ಮಾಡಿಸಿದರೆ ಮೊದಲೇ ಗೊತ್ತಾಗುತ್ತದೆ. ಕೊನೆಗೆ ಎಂದಿನಂತೆ, ‘ಎಲ್ಲರಿಗೂ ಹಂಚಿ’.

ಆ ಮನೆಯ ಪರಿಸ್ಥಿತಿ ಫೋನಿನಲ್ಲಿ ಮಾತಾಡಿದಾಗ ತಿಳಿಯಿತು. ತಂದೆ ಸೀಜನ್‌ನಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದವರು. 31 ವರ್ಷದ ಅಣ್ಣ ಗೂಡ್ಸ್ ಗಾಡಿ ಓಡಿಸುತ್ತಾರೆ. ಎಂಆರ್‌ಐ ಆದ ಮೇಲೆ ಗಾಡಿ ಮಾರಿಬಿಡುವ ಮಾತು ನಡೆದಿದೆ. ತಮ್ಮನಿಗೆ, ಅಂದರೆ ನಮಗೆ ಬರೆದವರಿಗೆ, ಪರೀಕ್ಷೆಯ ಕಿಟ್‌ಗೆ ದುಡ್ಡು ಹಾಕಬೇಕೋ ಬೇಡವೋ ಎಂಬ ಗೊಂದಲ. ತಂಗಿಯ ಸಂಬಂಧ ಬೇರೆ ನಡುವೆ ನಿಂತಿದೆ. ಒಂದು ಸಂಖ್ಯೆಯನ್ನು ತಪ್ಪಾಗಿ ಓದಿದ್ದರಿಂದ ಒಂದೇ ಮನೆಯಲ್ಲಿ ಮೂರು ನಿರ್ಧಾರಗಳು ಸಿಕ್ಕಿಕೊಂಡಿವೆ. ಹಾಗಾಗಿ ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇವೆ.

ಅವಸರದಲ್ಲಿರುವವರಿಗೆ ಉತ್ತರ ಇಲ್ಲೇ ಇದೆ: ಡಿಸ್ಕ್ ಸವೆತದಲ್ಲಿ ಜೀನ್‌ಗಳ ಪಾತ್ರ ದೊಡ್ಡದು, ಆ ಮಾತು ನಿಜ. ಶೇ 75ರ ಆಸುಪಾಸಿನ ಸಂಖ್ಯೆಯೂ ನಿಜವಾದ ಅಧ್ಯಯನಗಳದ್ದೇ. ಆದರೆ ಆ ಸಂಖ್ಯೆಗೆ ಫಾರ್ವರ್ಡ್ ಕೊಟ್ಟಿರುವ ಅರ್ಥ ಸಂಪೂರ್ಣ ತಪ್ಪು.

ಡಿಸ್ಕ್ ಅಂದರೆ ಏನು, ಸವೆಯುವುದು ಏನು

ನಮ್ಮ ಬೆನ್ನುಮೂಳೆಯಲ್ಲಿ ಒಂದರ ಮೇಲೊಂದು ಕೂತ ಮಣಿಗಳಿವೆ. ಆ ಮಣಿಗಳ ನಡುವೆ ಮೆತ್ತೆಯ ಹಾಗೆ ಇರುವುದೇ ಡಿಸ್ಕ್. ಒಟ್ಟು 23 ಇವೆ. ಕುತ್ತಿಗೆಯ ಮೊದಲ ಎರಡು ಮಣಿಗಳ ನಡುವೆ ಮಾತ್ರ ಡಿಸ್ಕ್ ಇಲ್ಲ. ಪ್ರತಿ ಡಿಸ್ಕ್‌ನ ಹೊರಭಾಗ ಪದರ ಪದರವಾದ ಗಟ್ಟಿ ನಾರು, ಒಳಗೆ ನೀರು ಹಿಡಿದಿಟ್ಟುಕೊಂಡ ಲೋಳೆ. ಹಗಲೆಲ್ಲ ಭಾರ ಹೊತ್ತಾಗ ಆ ನೀರು ಸ್ವಲ್ಪ ಹಿಂಡಿ ಹೋಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ತುಂಬುತ್ತದೆ. ಬೆಳಿಗ್ಗೆ ಎದ್ದಾಗ ನಾವು ಸಂಜೆಗಿಂತ ಒಂದು ಸೆಂಟಿಮೀಟರ್‌ಗೂ ತುಸು ಹೆಚ್ಚು ಎತ್ತರ ಇರುವುದು ಇದರಿಂದಲೇ. ಬೇಕಾದರೆ ಗೋಡೆಗೆ ಗುರುತು ಹಾಕಿ ಅಳೆದು ನೋಡಿ.

ದೊಡ್ಡವರ ಡಿಸ್ಕ್‌ನ ಒಳಭಾಗಕ್ಕೆ ರಕ್ತನಾಳಗಳೇ ಇಲ್ಲ. ಮೇಲಿನ ಮತ್ತು ಕೆಳಗಿನ ಮಣಿಗಳ ತಟ್ಟೆಯಂಥ ಅಂಚುಗಳ ಮೂಲಕ ಜಿನುಗಿ ಬಂದ ಆಹಾರದಲ್ಲೇ ಅದು ಬದುಕಬೇಕು. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಿದ ಹಾಗೆ ಅದರ ಪಾಡು. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಬೆನ್ನುಮೂಳೆ ತಜ್ಞ ಡಾ. ಎಸ್. ರಾಜಶೇಖರನ್ ಮತ್ತು ಅವರ ತಂಡ ಜೀವಂತ ಮನುಷ್ಯರ ಡಿಸ್ಕ್‌ಗೆ ಈ ಆಹಾರ ಹೇಗೆ ಇಳಿಯುತ್ತದೆ ಎಂಬುದನ್ನು ಸರಣಿ ಎಂಆರ್‌ಐ ಮೂಲಕ ತೋರಿಸಿತು. 2004ರಲ್ಲಿ ಆ ಕೆಲಸಕ್ಕೆ ಈ ಕ್ಷೇತ್ರದ ದೊಡ್ಡ ಅಂತರರಾಷ್ಟ್ರೀಯ ಬಹುಮಾನವೂ ಬಂತು.

ವಯಸ್ಸಾಗುತ್ತ ಒಳಗಿನ ಲೋಳೆ ನೀರು ಕಳೆದುಕೊಳ್ಳುತ್ತದೆ, ಡಿಸ್ಕ್‌ನ ಎತ್ತರ ಇಳಿಯುತ್ತದೆ, ಹೊರಗಿನ ನಾರಿನಲ್ಲಿ ಬಿರುಕು ಕಾಣುತ್ತದೆ. ಇದನ್ನೇ ಸವೆತ ಅನ್ನುವುದು. ‘ಗ್ಯಾಪ್ ಆಗಿದೆ’ ಎಂದು ಜನ ಹೇಳುವುದು ತುಸು ತಿರುಗುಮುರುಗು. ನಿಜಕ್ಕೂ ಮಣಿಗಳ ನಡುವಿನ ಜಾಗ ಹೆಚ್ಚಾಗಿರುವುದಿಲ್ಲ, ಕಡಿಮೆಯಾಗಿರುತ್ತದೆ. ಹೊರಪದರ ದುರ್ಬಲವಾದ ಕಡೆ ಒಳಗಿನದು ಹೊರಚಾಚಿದರೆ ಅದು ‘ಸ್ಲಿಪ್ ಡಿಸ್ಕ್’. ಹೆಸರು ಹಾಗಿದ್ದರೂ ಡಿಸ್ಕ್ ಎಲ್ಲಿಗೂ ಜಾರುವುದಿಲ್ಲ. ಚಾಚಿದ ಭಾಗ ಕಾಲಿಗೆ ಹೋಗುವ ನರಕ್ಕೆ ತಾಗಿದಾಗ ಪಿರ್ರೆಯಿಂದ ಪಾದದವರೆಗೆ ಎಳೆಯುವ ನೋವು ಬರುತ್ತದೆ. ಅದೇ ಸಯಾಟಿಕಾ.

ಈ ‘75’ ಎಲ್ಲಿಂದ ಬಂತು?

ಅವಳಿಗಳಿಂದ. ಫಿನ್ಲೆಂಡ್ ತನ್ನ ದೇಶದ ಅವಳಿಗಳ ದಾಖಲೆಯನ್ನು ಅಚ್ಚುಕಟ್ಟಾಗಿ ಇಟ್ಟುಕೊಂಡಿದೆ. ಮಿಶೆಲ್ ಬ್ಯಾಟಿಯೆ, ಟಪಿಯೊ ವಿಡೆಮನ್ ಮತ್ತು ಸಂಗಡಿಗರು ಅದರಿಂದ 115 ಜೋಡಿ ತದ್ರೂಪಿ ಗಂಡು ಅವಳಿಗಳನ್ನು ಆರಿಸಿ ಬೆನ್ನಿನ ಎಂಆರ್‌ಐ ತೆಗೆದರು. ತದ್ರೂಪಿ ಅವಳಿಗಳ ಜೀನ್ ಒಂದೇ. ಆದರೆ ಇವರಲ್ಲಿ ಎಷ್ಟೋ ಜೋಡಿಗಳ ದುಡಿಮೆ ಬೇರೆ ಬೇರೆ: ಒಬ್ಬ ಭಾರದ ಕೆಲಸದವ, ಇನ್ನೊಬ್ಬ ಕುರ್ಚಿಯ ಕೆಲಸದವ. ಭಾರ ಎತ್ತಿದ್ದೇ ಮುಖ್ಯ ಕಾರಣವಾಗಿದ್ದರೆ ಇಬ್ಬರ ಡಿಸ್ಕ್‌ಗಳೂ ಎದ್ದು ಕಾಣುವಷ್ಟು ಬೇರೆ ಆಗಿರಬೇಕಿತ್ತು.

ಹಾಗಾಗಲಿಲ್ಲ. 1995ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸೊಂಟದ ಮೇಲುಭಾಗದ ಡಿಸ್ಕ್‌ಗಳನ್ನು ನೋಡಿದರೆ, ಜನರ ನಡುವಿನ ವ್ಯತ್ಯಾಸದಲ್ಲಿ ಕೆಲಸದ ಭಾರ ವಿವರಿಸಿದ್ದು ಶೇ 7 ಮಾತ್ರ. ವಯಸ್ಸನ್ನು ಸೇರಿಸಿದಾಗ ಶೇ 16. ‘ಒಂದೇ ಮನೆಯವರು’ ಎಂಬ ಅಂಶವನ್ನೂ ಸೇರಿಸಿದಾಗ ಶೇ 77. ವೈದ್ಯರು ಬೆಚ್ಚಿದ್ದು ಸಹಜ. ಅಲ್ಲಿಯವರೆಗೆ ಡಿಸ್ಕ್ ಎಂದರೆ ಹೊತ್ತು ಹೊತ್ತು ಸವೆದದ್ದು ಎಂಬುದೇ ಎಲ್ಲರ ನಂಬಿಕೆಯಾಗಿತ್ತು. ನಾಲ್ಕು ವರ್ಷಗಳ ಬಳಿಕ, 1999ರಲ್ಲಿ, ಬ್ರಿಟನ್ ಮತ್ತು ಆಸ್ಟ್ರೇಲಿಯಾದ ಸಂಶೋಧಕರು 172 ಮಂದಿ ತದ್ರೂಪಿ ಅವಳಿಗಳನ್ನು 154 ಮಂದಿ ಸಾಮಾನ್ಯ ಅವಳಿಗಳ ಜೊತೆ ಹೋಲಿಸಿ ಸೊಂಟಕ್ಕೆ ಶೇ 74, ಕುತ್ತಿಗೆಗೆ ಶೇ 73 ಎಂಬ ಆನುವಂಶಿಕತೆಯ ಪ್ರಮಾಣ ಕೊಟ್ಟರು. ಫಾರ್ವರ್ಡ್‌ನ 75ರ ಮೂಲ ಇಂಥ ಅಧ್ಯಯನಗಳು.

ಫಾರ್ವರ್ಡ್ ಬರೆದವರು ಕೈಬಿಟ್ಟ ಸಾಲೊಂದು ಅದೇ ಫಿನ್ಲೆಂಡ್ ಅಧ್ಯಯನದಲ್ಲಿದೆ. ಸೊಂಟದ ಕೆಳಭಾಗದ ಎರಡು ಡಿಸ್ಕ್‌ಗಳಿಗೆ ಲೆಕ್ಕ ಹಾಕಿದಾಗ, ಎಲ್ಲ ಅಂಶಗಳನ್ನು ಕೂಡಿಸಿದರೂ ವಿವರಣೆ ಶೇ 43ಕ್ಕೇ ನಿಂತುಬಿಟ್ಟಿತು. ನಿಮ್ಮ ನೆಂಟರಿಷ್ಟರ ಎಂಆರ್‌ಐ ವರದಿಗಳಲ್ಲಿ ಪದೇ ಪದೇ ಕಾಣುವ ‘ಎಲ್4-ಎಲ್5’, ‘ಎಲ್5-ಎಸ್1’ ಇವೇ ಎರಡು. ಹೆಚ್ಚು ತೊಂದರೆ ಕೊಡುವ ಜಾಗದಲ್ಲೇ ಅರ್ಧಕ್ಕಿಂತ ಹೆಚ್ಚು ವ್ಯತ್ಯಾಸಕ್ಕೆ ಲೆಕ್ಕ ಸಿಕ್ಕಿಲ್ಲ!

ಬಿತ್ತನೆ ಬೀಜದ ಊರಿನವರಿಗೆ ಇದು ಸುಲಭವಾಗಿ ತಿಳಿಯುತ್ತದೆ

ಆನುವಂಶಿಕತೆಯ ಪ್ರಮಾಣ ಎಂಬ ಮಾತನ್ನು ತಪ್ಪಾಗಿ ಓದುವುದು ಬಹಳ ಸುಲಭ. ರಾಣೆಬೆನ್ನೂರು ಸೀಮೆಯಲ್ಲಿ ಬೀಜೋತ್ಪಾದನೆಯ ಹೊಲಗಳನ್ನು ಕಂಡವರಿಗೆ ಒಂದು ಉದಾಹರಣೆ ಕೊಡುತ್ತೇವೆ.

ಒಂದೇ ಕಂಪನಿಯ ಒಂದೇ ಪಾಕೀಟಿನ ಹೈಬ್ರಿಡ್ ಗೋವಿನಜೋಳ ಬಿತ್ತಿದ್ದೀರಿ ಅಂದುಕೊಳ್ಳಿ. ಹೊಲದ ಒಂದು ಬದಿ ಎರೆಮಣ್ಣು, ಇನ್ನೊಂದು ಬದಿ ಮಸಾರಿ. ದಂಟುಗಳ ಎತ್ತರ ಹೆಚ್ಚುಕಡಿಮೆ ಬಂತು. ಬೀಜ ಎಲ್ಲ ಒಂದೇ ಆಗಿರುವುದರಿಂದ ಈ ವ್ಯತ್ಯಾಸಕ್ಕೆ ಮಣ್ಣು, ನೀರುಗಳೇ ಕಾರಣ. ಇಲ್ಲಿ ಎತ್ತರದ ಆನುವಂಶಿಕತೆ ಹೆಚ್ಚುಕಡಿಮೆ ಸೊನ್ನೆ. ಈಗ ಹತ್ತು ಮನೆಯ ಹತ್ತು ತರದ ಬೀಜ ಬೆರೆಸಿ, ಒಂದೇ ತರದ ಮಣ್ಣಿಗೆ ಬಿತ್ತಿ, ಎಲ್ಲಕ್ಕೂ ಒಂದೇ ಸಮ ನೀರು ಗೊಬ್ಬರ ಕೊಡಿ. ಆಗಲೂ ಎತ್ತರ ಹೆಚ್ಚುಕಡಿಮೆ ಬರುತ್ತದೆ, ಆದರೆ ಈ ಸಲ ಕಾರಣ ಬೀಜ. ಇಲ್ಲಿ ಆನುವಂಶಿಕತೆ ಶೇ 100ರ ಹತ್ತಿರ.

ಗೋವಿನಜೋಳ ಅದೇ, ಎತ್ತರವೂ ಅದೇ ಗುಣ. ಆದರೂ ಒಂದು ಹೊಲಕ್ಕೆ ಸೊನ್ನೆ, ಇನ್ನೊಂದಕ್ಕೆ ನೂರು. ಅಂದರೆ ಆ ಸಂಖ್ಯೆ ಹೊಲದ ಬಗ್ಗೆ ಹೇಳುತ್ತದೆ. ಒಂಟಿ ದಂಟಿನ ಮುಂದೆ ನಿಂತು ‘ಇದರ ಆರಡಿಯಲ್ಲಿ ಬೀಜದ್ದೆಷ್ಟು, ಮಣ್ಣಿನದ್ದೆಷ್ಟು’ ಎಂದು ಕೇಳಿದರೆ ಆ ಪ್ರಶ್ನೆಗೆ ಅರ್ಥವೇ ಇಲ್ಲ. ಈ ದಂಟಿನ ಬೀಜದಿಂದ ಮುಂದೆ ಹುಟ್ಟುವ ಸಸಿ ಎಷ್ಟೆತ್ತರ ಆಗುತ್ತದೆ ಎಂಬುದಕ್ಕಂತೂ ಅದು ಉತ್ತರವಲ್ಲವೇ ಅಲ್ಲ.

ಶೇ 74 ಅಂದರೂ ಇಷ್ಟೇ: ಆ ಅಧ್ಯಯನದ ಜನರ ನಡುವೆ ಡಿಸ್ಕ್ ಸವೆತದಲ್ಲಿ ಕಂಡ ಹೆಚ್ಚುಕಡಿಮೆಯ ಸುಮಾರು ಮುಕ್ಕಾಲು ಭಾಗಕ್ಕೆ ಅವರ ಜೀನ್‌ಗಳ ನಡುವಿನ ಹೆಚ್ಚುಕಡಿಮೆ ಕಾರಣ. ತಂದೆಯಿಂದ ಮಗನಿಗೆ ಬರುವ ಸಾಧ್ಯತೆ ಶೇ 74 ಎಂದು ಅಲ್ಲಿ ಎಲ್ಲೂ ಹೇಳಿಲ್ಲ.

ಇಲ್ಲೊಂದು ನಮ್ಮ ಅಭಿಪ್ರಾಯವನ್ನೂ ಸೇರಿಸುತ್ತೇವೆ. ಫಿನ್ಲೆಂಡ್‌ನ ‘ಭಾರದ ಕೆಲಸ’ವೂ ಬ್ಯಾಡಗಿಯ ಭಾರದ ಕೆಲಸವೂ ಒಂದೇ ಅಲ್ಲ. ಸೀಜನ್‌ನಲ್ಲಿ ಬೆಳಗಿನಿಂದ ರಾತ್ರಿವರೆಗೆ ಬೆನ್ನ ಮೇಲೆ ಚೀಲ ಹೊತ್ತು ಲಾರಿ ಹಲಗೆ ಏರುವ ಹಮಾಲರು ಆ 115 ಜೋಡಿಗಳಲ್ಲಿ ಇರಲಿಲ್ಲ. ‘ಕೆಲಸದ ಭಾರ ಶೇ 7 ಮಾತ್ರ’ ಎಂಬ ಸಾಲನ್ನು ಹಿಡಿದು ನಾಳೆ ಯಾರಾದರೂ ‘ಹಮಾಲರ ಬೆನ್ನುನೋವಿಗೂ ಕೆಲಸಕ್ಕೂ ಸಂಬಂಧವಿಲ್ಲ’ ಎಂದರೆ ಅದನ್ನು ನಂಬಬೇಡಿ. ಬೇರೆ ಹೊಲದ ಲೆಕ್ಕವನ್ನು ಈ ಹೊಲಕ್ಕೆ ತಂದಂತಾಗುತ್ತದೆ. ಡಿಸ್ಕ್ ಸವೆಯದಿದ್ದರೂ ದುಡಿಮೆಯಿಂದ ಸ್ನಾಯು ಹಿಡಿಯಬಹುದು, ಕೀಲು ನೋಯಬಹುದು. ಕೂಲಿಯೂ ತಪ್ಪುತ್ತದೆ.

ಹಾಗಾದರೆ ಆ ಜೀನ್ ಯಾವುದು?

‘ಆ ಜೀನ್’ ಎಂಬುದೊಂದು ಇಲ್ಲ. ಸಣ್ಣ ಸಣ್ಣ ಪಾಲುದಾರರು ಬಹಳ ಮಂದಿ ಇದ್ದಾರೆ. ಡಿಸ್ಕ್‌ನ ನಾರನ್ನು ಬಿಗಿಯುವ ಕೊಲಾಜನ್ ಎಂಬ ಪ್ರೋಟೀನ್‌ನ ಜೀನ್‌ಗಳು, ಲೋಳೆಯಲ್ಲಿ ನೀರು ಹಿಡಿದಿಡುವ ಅಗ್ರಿಕಾನ್‌ನ ಜೀನ್, ಹಳೆಯ ಅಂಗಾಂಶವನ್ನು ಕರಗಿಸುವ ಕಿಣ್ವಗಳ ಜೀನ್‌ಗಳು, ವಿಟಮಿನ್ ಡಿ ಹಿಡಿದುಕೊಳ್ಳುವ ಗ್ರಾಹಕದ ಜೀನ್ ಹೀಗೆ ಪಟ್ಟಿ ಬೆಳೆಯುತ್ತಲೇ ಇದೆ. ಒಂದೊಂದರ ಪ್ರಭಾವವೂ ಚಿಕ್ಕದು.

ಅದರಲ್ಲಿ ಒಂದರ ಕತೆ ಹೇಳಲೇಬೇಕು. ಒಂಬತ್ತನೇ ಬಗೆಯ ಕೊಲಾಜನ್‌ನಲ್ಲಿ ಒಂದು ಚಿಕ್ಕ ಬದಲಾವಣೆ ಇದೆ, ಹೆಸರು ‘ಟ್ರಿಪ್-2’. 1999ರಲ್ಲಿ ಫಿನ್ಲೆಂಡ್‌ನ ಡಿಸ್ಕ್ ರೋಗಿಗಳಲ್ಲಿ ಹುಡುಕಿದಾಗ 157 ಮಂದಿಯಲ್ಲಿ 6 ಜನರಿಗೆ ಅದು ಸಿಕ್ಕಿತು. ರೋಗವಿಲ್ಲದ 174 ಮಂದಿಯಲ್ಲಿ ಒಬ್ಬರಿಗೂ ಇರಲಿಲ್ಲ. ಅಪಾಯದ ಜೀನ್ ಸಿಕ್ಕೇಬಿಟ್ಟಿತು ಎಂಬ ಸಂಭ್ರಮ. ಮುಂದೆ ದಕ್ಷಿಣ ಚೀನಾದ ಜನರಲ್ಲಿ ನೋಡಿದರೆ ಸುಮಾರು ಐವರಲ್ಲಿ ಒಬ್ಬರಿಗೆ ಅದೇ ಟ್ರಿಪ್-2! ಅವರೆಲ್ಲ ಬೆನ್ನು ಹಿಡಿದು ಕೂತಿರಲಿಲ್ಲ, ಆದರೂ ಒಂದು ವಯೋಮಾನದವರಲ್ಲಿ ಸವೆತ ಹೆಚ್ಚಿತ್ತು. ಫಿನ್ಲೆಂಡ್‌ನಲ್ಲಿ ಸಿಕ್ಕ ಅದರ ಸೋದರ ಬದಲಾವಣೆ ‘ಟ್ರಿಪ್-3’ ಮಾತ್ರ ಚೀನಾದವರಲ್ಲಿ ಕಾಣಲೇ ಇಲ್ಲ. ಒಂದು ದೇಶದ ಅಪಾಯದ ಪಟ್ಟಿ ಇನ್ನೊಂದು ದೇಶಕ್ಕೆ ಹೊಂದುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಭಾರತೀಯರ ಮೇಲೆ ಕೆಲಸ ಆಗಿಲ್ಲವೇ? ಆಗಿದೆ. ಕೊಯಮತ್ತೂರಿನ ಅದೇ ತಂಡ 809 ರೋಗಿಗಳನ್ನು ಇಟ್ಟುಕೊಂಡು, ಈವರೆಗೆ ವರದಿಯಾದ ಜೀನ್ ಸಂಬಂಧಗಳು ಎಷ್ಟು ನಂಬಿಕಸ್ಥ ಎಂದು 2016ರ ಪ್ರಬಂಧದಲ್ಲಿ ಪರೀಕ್ಷಿಸಿತು. ಸವೆತ ಎಂದರೆ ಏನು ಎಂಬ ವ್ಯಾಖ್ಯೆ ಬದಲಿಸಿದರೆ, ವಯಸ್ಸಿನ ಗುಂಪು ಬದಲಿಸಿದರೆ, ರೋಗಿಗಳ ಸಂಖ್ಯೆ ಹೆಚ್ಚಿಸಿದರೆ ‘ಅಪಾಯದ ಜೀನ್’ಗಳ ಪಟ್ಟಿಯೇ ಬದಲಾಗುತ್ತಿತ್ತು. ಈ ಕ್ಷೇತ್ರದ ತಜ್ಞರೇ ಹೀಗೆ ಹೇಳುತ್ತಿರುವಾಗ, ಮನೆಗೆ ಬರುವ ಎಂಜಲಿನ ಕಿಟ್ ‘ನಿಮ್ಮ ಡಿಸ್ಕ್ ಅಪಾಯ: ಹೆಚ್ಚು’ ಎಂದು ಕೆಂಪು ಅಕ್ಷರದಲ್ಲಿ ಹೇಳಿದರೆ ಅದನ್ನಿಟ್ಟುಕೊಂಡು ಏನು ಮಾಡಬೇಕು? ಆ ವರದಿ ನೋಡಿ ವೈದ್ಯರು ಬದಲಿಸುವ ಚಿಕಿತ್ಸೆ ಯಾವುದೂ ಇಲ್ಲ.

ಒಂದೇ ಜೀನ್ ಹೊಣೆಯಾದರೆ ಹೇಗಿರುತ್ತದೆ: ಹಂದಿಗೋಡಿನ ಕತೆ

ಹಾವೇರಿಗೆ ಹೊಂದಿಕೊಂಡ ಶಿವಮೊಗ್ಗ ಜಿಲ್ಲೆಯಲ್ಲಿ, ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಊರಿದೆ. 1970ರ ದಶಕದ ಮಧ್ಯದಲ್ಲಿ ಅಲ್ಲೊಂದು ವಿಚಿತ್ರ ಕಾಯಿಲೆ ಬೆಳಕಿಗೆ ಬಂತು. ಸೊಂಟದ ಕೀಲು, ಮೊಣಕಾಲು ನೋವು, ವಾಲಾಡುವ ನಡಿಗೆ, ಕೆಲವರಲ್ಲಿ ಕುಳ್ಳುತನ, ಕೆಲವರಲ್ಲಿ ಬೆನ್ನಿನ ಮಣಿಗಳೇ ಚಪ್ಪಟೆ. ಬಾಧೆಗೊಳಗಾದವರು ಬಹುತೇಕ ಬಡ ದಲಿತ ಕುಟುಂಬಗಳವರು. ಚಿಕ್ಕಮಗಳೂರು ಜಿಲ್ಲೆಯಲ್ಲೂ ಇಂಥ ಕುಟುಂಬಗಳು ಕಂಡವು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದೇ ಕಾರಣ ಎಂಬ ಮಾತು ಬಹಳ ಕಾಲ ಓಡಾಡಿತು. ಆಗ ವಾಟ್ಸಾಪ್ ಇರಲಿಲ್ಲ, ಮಾತು ಬಾಯಿಂದ ಬಾಯಿಗೆ ಹೋಗುತ್ತಿತ್ತು, ಅಷ್ಟೇ ವ್ಯತ್ಯಾಸ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು 1978ರಲ್ಲಿ ಬರೆದ ಪ್ರಬಂಧ ಇದನ್ನು ‘ಮಲೆನಾಡಿನ ಕೌಟುಂಬಿಕ ಸಂಧಿವಾತ’ ಎಂದು ಕರೆಯಿತು. 1994ರಲ್ಲಿ ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯವರು ಎಕ್ಸ್‌ರೇಗಳನ್ನೂ ವಂಶವೃಕ್ಷಗಳನ್ನೂ ನೋಡಿ, ಇದು ಮೂಳೆ ಬೆಳವಣಿಗೆಯ ಆನುವಂಶಿಕ ದೋಷ, ಪ್ರಬಲ ರೀತಿಯಲ್ಲಿ ಹರಿಯುವಂಥದ್ದು ಎಂದು ತೀರ್ಮಾನಿಸಿದರು. ಪ್ರಬಲ ರೀತಿ ಅಂದರೆ ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಅದು ಹೋಗುವ ಸಾಧ್ಯತೆ ಶೇ 50.

ಫಾರ್ವರ್ಡ್ ಬರೆದವರ ತಲೆಯಲ್ಲಿರುವುದು ಇಂಥ ಕಾಯಿಲೆಯ ಲೆಕ್ಕ. ಆದರೆ ಹಂದಿಗೋಡು ಕಾಯಿಲೆ ಬೆರಳೆಣಿಕೆಯ ಊರುಗಳಲ್ಲಿ, ಕೆಲವೇ ಕುಟುಂಬಗಳಲ್ಲಿ, ಎಳೆಯ ವಯಸ್ಸಿನಲ್ಲೇ ಕಾಣಿಸಿಕೊಳ್ಳುವಂಥದ್ದು. ಸಾಮಾನ್ಯ ಡಿಸ್ಕ್ ಸವೆತ ಬಹುತೇಕ ಎಲ್ಲ ಮನೆಗಳಲ್ಲೂ ಇರುವಂಥದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಎಂಆರ್‌ಐ ವರದಿಯ ಮುಂದೆ ಸ್ವಲ್ಪ ನಿಧಾನ

ಕುಪ್ಪೇಲೂರಿನ ಅಣ್ಣನ ವರದಿಯಲ್ಲಿ ಸವೆತ ಎಂದು ಬರೆದದ್ದು ನಿಜ. ಆದರೆ ಬೆನ್ನುನೋವೇ ಇಲ್ಲದವರ ಎಂಆರ್‌ಐ ತೆಗೆದರೆ ಏನು ಕಾಣುತ್ತದೆ? 2015ರಲ್ಲಿ ಪ್ರಕಟವಾದ ವಿಮರ್ಶೆಯೊಂದು ಇಂಥ 33 ಅಧ್ಯಯನಗಳನ್ನು, ಒಟ್ಟು 3,110 ನೋವಿಲ್ಲದ ಜನರನ್ನು ಒಟ್ಟುಗೂಡಿಸಿತು. 20ರ ವಯಸ್ಸಿನವರಲ್ಲೇ ಶೇ 37 ಮಂದಿಗೆ ಡಿಸ್ಕ್ ಸವೆತ ಇತ್ತು. 30ರವರಲ್ಲಿ ಶೇ 52. 50ರವರಲ್ಲಿ ಶೇ 80. 80 ದಾಟಿದವರಲ್ಲಿ ಶೇ 96. ಡಿಸ್ಕ್ ಉಬ್ಬಿರುವುದು 20ರವರಲ್ಲಿ ಶೇ 30 ಮಂದಿಗೆ. ಮತ್ತೆ ಹೇಳುತ್ತೇವೆ, ಇವರ್ಯಾರಿಗೂ ನೋವಿರಲಿಲ್ಲ.

ಅಂದರೆ 31ರ ಅಣ್ಣನ ವಯಸ್ಸಿನ, ನೋವಿಲ್ಲದ ಇಬ್ಬರನ್ನು ರಸ್ತೆಯಲ್ಲಿ ನಿಲ್ಲಿಸಿ ಸ್ಕ್ಯಾನ್ ಮಾಡಿದರೆ ಒಬ್ಬನಿಗೆ ಇದೇ ವರದಿ ಬರಬಹುದು. ಕೂದಲು ನರೆತಂತೆ ಡಿಸ್ಕ್ ಕೂಡ ನರೆಯುತ್ತದೆ. ಯಾರಿಗೆ ಬೇಗ, ಯಾರಿಗೆ ತಡ ಎಂಬುದರಲ್ಲಿ ಜೀನ್‌ಗಳ ಕೈ ಇದೆ. ನರೆತ ಡಿಸ್ಕ್ ನೋಯಲೇಬೇಕೆಂದಿಲ್ಲ. ಸ್ಕ್ಯಾನ್‌ನಲ್ಲಿ ಕಂಡದ್ದೇ ಈ ನೋವಿಗೆ ಕಾರಣವೇ ಎಂಬುದನ್ನು ವೈದ್ಯರು ಕೈಯಿಂದ ಪರೀಕ್ಷಿಸಿ, ನೋವು ಹೋಗುವ ದಾರಿ ಕೇಳಿ ಹೇಳಬೇಕು. ಅಣ್ಣನಿಗೆ ಕಾಲಿನಲ್ಲಿ ನೋವಿಲ್ಲ, ಜೋಮಿಲ್ಲ. ಬೆನ್ನು ಹಿಡಿದದ್ದು ಮೂರು ವಾರ, ಈಗ ಕಡಿಮೆಯಾಗಿದೆ.

ಗಾಡಿ ಮಾರುವ ವಿಚಾರಕ್ಕೆ ಬಂದರೆ, ಅದಕ್ಕೂ ಒಂದು ಅವಳಿ ಅಧ್ಯಯನ ಇದೆ. ಜೀವನವಿಡೀ ವಾಹನ ಓಡಿಸಿದ ಒಬ್ಬ, ಓಡಿಸದ ಇನ್ನೊಬ್ಬ, ಇಂಥ 45 ಜೋಡಿ ತದ್ರೂಪಿ ಅವಳಿಗಳನ್ನು ಹೋಲಿಸಿ 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಚಾಲಕರ ಡಿಸ್ಕ್‌ಗಳು ಹೆಚ್ಚು ಸವೆದಿರಲಿಲ್ಲ. ನಮ್ಮ ಹಳ್ಳಿ ರಸ್ತೆಗಳ ಗುಂಡಿಗಳು ಫಿನ್ಲೆಂಡ್‌ನಲ್ಲಿ ಇಲ್ಲ ಎಂದು ನೀವು ಹೇಳಿದರೆ ನಾವು ಜಗಳಕ್ಕೆ ಬರುವುದಿಲ್ಲ. ಆದರೆ ಒಂದು ಎಂಆರ್‌ಐ ಸಾಲನ್ನು ನಂಬಿ ಅನ್ನ ಕೊಡುವ ಗಾಡಿ ಮಾರಲು ಅದು ಸಾಕಾದ ಕಾರಣವಲ್ಲ.

‘ನಮ್ಮ ಅಜ್ಜಗೂ ಟೊಂಕ ಇತ್ತು’

ವಂಶದಲ್ಲಿದೆಯೇ ಎಂದು ಕೇಳಿದಾಗ ನಮಗೆ ಸಿಕ್ಕ ಉತ್ತರ ಇದು. ಹಾವೇರಿ ಕಡೆ ‘ಟೊಂಕ ಹಿಡೀತು’ ಅಂದರೆ ಸ್ನಾಯು ಸೆಳೆತವೂ ಆಗಬಹುದು, ಡಿಸ್ಕ್ ಕೂಡ ಆಗಬಹುದು, ಮೂತ್ರಪಿಂಡದ ಕಲ್ಲಿನ ನೋವೂ ಆಗಬಹುದು. ವಯಸ್ಸಾದ ಬಹುತೇಕ ಅಜ್ಜಂದಿರಿಗೆ ಟೊಂಕ ನೋವು ಇದ್ದೇ ಇತ್ತು. ಅದು ವಂಶದ ಪುರಾವೆ ಆಗುವುದಿಲ್ಲ.

ಹಾಗಂತ ಮನೆತನದ ಇತಿಹಾಸಕ್ಕೆ ಬೆಲೆಯೇ ಇಲ್ಲ ಎಂದಲ್ಲ. ಎಳೆಯ ವಯಸ್ಸಿನಲ್ಲಿ, 21 ತುಂಬುವ ಮೊದಲೇ, ಡಿಸ್ಕ್ ಹೊರಚಾಚಿದವರ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮನೆಯಲ್ಲಿ ಆ ಇತಿಹಾಸ ಇದ್ದವರಿಗೆ ಅಪಾಯ ಸುಮಾರು 5 ಪಟ್ಟು ಎಂದು ಕಂಡಿತು. 5 ಪಟ್ಟು ಎಂದೊಡನೆ ಹೆದರಬೇಡಿ. ಆ ವಯಸ್ಸಿನಲ್ಲಿ ಅದು ಅಪರೂಪ, ಅಪರೂಪದ 5 ಪಟ್ಟೂ ಕಡಿಮೆಯೇ. ಆದರೆ ಹದಿಹರೆಯದ ಹುಡುಗನಿಗೆ ಕಾಲಿಗಿಳಿಯುವ ನೋವು ಬಂದು, ಅವನ ತಂದೆಗೂ ಚಿಕ್ಕ ವಯಸ್ಸಿನಲ್ಲೇ ಹಾಗಾಗಿದ್ದರೆ ಆ ಮಾತನ್ನು ವೈದ್ಯರಿಗೆ ತಪ್ಪದೆ ಹೇಳಿ. ಎಂಜಲು ಪರೀಕ್ಷೆಗಿಂತ ಇದು ಉಪಯೋಗಕ್ಕೆ ಬರುತ್ತದೆ, ಖರ್ಚೂ ಇಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸೋಣ. ನಮ್ಮಲ್ಲಿ ಎಲ್ಲ ಬೆನ್ನು ಕುತ್ತಿಗೆ ನೋವಿಗೂ ‘ಸ್ಪಾಂಡಿಲೈಟಿಸ್’ ಅನ್ನುವ ರೂಢಿ ಇದೆ. ವಯಸ್ಸಿನ ಸವೆತಕ್ಕೆ ಸರಿಯಾದ ಹೆಸರು ಸ್ಪಾಂಡಿಲೋಸಿಸ್. ‘ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್’ ಎಂಬುದು ಬೇರೆಯೇ ಕಾಯಿಲೆ, ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಬೆನ್ನುಮೂಳೆಯ ಮೇಲೆ ತಿರುಗಿಬೀಳುವಂಥದ್ದು. ಸಾಮಾನ್ಯವಾಗಿ 45ರ ಒಳಗೆ ಶುರುವಾಗುತ್ತದೆ. ಬೆಳಿಗ್ಗೆ ಎದ್ದಾಗ ಅರ್ಧ ತಾಸಿಗೂ ಹೆಚ್ಚು ಬೆನ್ನು ಬಿಗಿದಿರುತ್ತದೆ, ಓಡಾಡಿದರೆ ಸಡಿಲಾಗುತ್ತದೆ, ಮಲಗಿದರೆ ಹೆಚ್ಚಾಗುತ್ತದೆ. ಇದರಲ್ಲಿ ‘ಎಚ್‌ಎಲ್‌ಎ-ಬಿ27’ ಎಂಬ ಆನುವಂಶಿಕ ಗುರುತಿನ ಪರೀಕ್ಷೆಗೆ ಅರ್ಥವಿದೆ, ರೋಗಿಗಳಲ್ಲಿ ಬಹುಪಾಲು ಜನರಿಗೆ ಅದು ಇರುತ್ತದೆ. ಅದಕ್ಕೂ ಒಂದು ಷರತ್ತು: ಆ ಗುರುತು ಇದ್ದವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ. ಆದ್ದರಿಂದ ಲಕ್ಷಣ ನೋಡಿ ವೈದ್ಯರು ಬರೆದರೆ ಮಾತ್ರ ಮಾಡಿಸಬೇಕು. ಡಿಸ್ಕ್ ಸವೆತಕ್ಕೂ ಈ ಪರೀಕ್ಷೆಗೂ ಸಂಬಂಧವಿಲ್ಲ.

ಕೈಯಲ್ಲಿರುವುದು ಏನು?

ಬೀಡಿ, ಸಿಗರೇಟು. ಸೇದುವ ಮತ್ತು ಸೇದದ ತದ್ರೂಪಿ ಅವಳಿಗಳನ್ನು ಹೋಲಿಸಿದ 1991ರ ಫಿನ್ಲೆಂಡ್ ಅಧ್ಯಯನದಲ್ಲಿ ಸೇದುವವರ ಸೊಂಟದ ಡಿಸ್ಕ್ ಸವೆತ ಸರಾಸರಿ ಶೇ 18 ಹೆಚ್ಚಿತ್ತು. ಜೀನ್ ಒಂದೇ, ಹೊಗೆ ಮಾತ್ರ ಬೇರೆ. ಜಿನುಗುವ ಆಹಾರದಲ್ಲಿ ಬದುಕುವ ಡಿಸ್ಕ್‌ಗೆ ಹೊಗೆ ಆ ದಾರಿಯನ್ನೇ ಕಿರಿದು ಮಾಡುತ್ತದೆ ಎಂಬುದು ಒಂದು ವಿವರಣೆ.

ಮಲಗಿಯೇ ಇರುವುದು ಮದ್ದಲ್ಲ. ಹೆಲ್ಸಿಂಕಿಯ 186 ನಗರಸಭೆ ನೌಕರರ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿಢೀರ್ ಬೆನ್ನುನೋವು ಬಂದಾಗ ಎರಡು ದಿನ ಹಾಸಿಗೆ ಹಿಡಿದವರಿಗಿಂತ, ಆದಷ್ಟು ಮಾಮೂಲಿ ಓಡಾಟ ಮುಂದುವರಿಸಿದವರು ಬೇಗ ಸುಧಾರಿಸಿದರು. ಕೆಲವೆಡೆ ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟ ತುಳಿಸುವ ರೂಢಿ ಇದೆ. ದಯವಿಟ್ಟು ಬೇಡ. ನೋವಿಗೆ ಕಾರಣ ಸೋಂಕೋ ಮೂಳೆ ಮುರಿತವೋ ಆಗಿದ್ದರೆ ತುಳಿತದಿಂದ ಅನಾಹುತ ಆಗುತ್ತದೆ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳೂ ಇವೆ. ಮೂತ್ರ ಕಟ್ಟಿಕೊಂಡರೆ ಅಥವಾ ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಸಂದು ಮತ್ತು ಗುದದ ಸುತ್ತ ಸ್ಪರ್ಶ ತಿಳಿಯದಿದ್ದರೆ, ಪಾದ ಎತ್ತಲಾಗದೆ ಚಪ್ಪಲಿ ಜಾರುತ್ತಿದ್ದರೆ ಅದೇ ದಿನ ಹೋಗಿ. ನರಗಳ ಗೊಂಚಲು ಒತ್ತಿಹೋಗಿರಬಹುದು, ಗಂಟೆಗಳ ಲೆಕ್ಕ ಅದು. ಜ್ವರ, ತೂಕ ಇಳಿಕೆ, ರಾತ್ರಿ ನಿದ್ದೆ ಕೆಡಿಸುವ ಬೆನ್ನುನೋವು ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ಮರೆಯಬಾರದು. ‘ನಮ್ಮ ವಂಶದ್ದೇ ಇದು, ಇರ್ತದ ಬಿಡು’ ಎಂದು ಸುಮ್ಮನಾಗಿ ಕ್ಷಯಕ್ಕೆ ತಡವಾಗಿ ಔಷಧಿ ಶುರು ಮಾಡಿದರೆ ಅದು ಆ ಫಾರ್ವರ್ಡ್ ಮಾಡುವ ಅತಿ ಕೆಟ್ಟ ಕೆಲಸ.

ತಂಗಿಯ ಸಂಬಂಧದ ಬಗ್ಗೆ ನಾವು ಹೇಳಬಹುದಾದ್ದು ಒಂದೇ. ಗಂಡಿನ ಮನೆಯಲ್ಲಿ 50 ದಾಟಿದವರು ಐದು ಮಂದಿ ಇದ್ದರೆ, ಮೇಲಿನ ಲೆಕ್ಕದ ಪ್ರಕಾರ ಅವರಲ್ಲಿ ನಾಲ್ವರ ಡಿಸ್ಕ್ ಈಗಾಗಲೇ ಸವೆದಿರುತ್ತದೆ. ಈ ಮಾತನ್ನು ಅವರಿಗೆ ಕಳಿಸಿದಿರಾ ಎಂದು ಕೇಳಿದೆವು. “ಕಳ್ಸೇನ್ರಿ. ಅವರ ಮಾವ ನಗಾಕತ್ತಿದ್ರಂತ, ‘ನನಗೂ ಐತೆಲ್ಲೋ’ ಅಂತ” ಎಂದರು. ಕಿಟ್ ತರಿಸಿಲ್ಲ. ಅಣ್ಣ ಗಾಡಿ ಮಾರಿಲ್ಲ, ಮತ್ತೆ ಓಡಿಸಲು ಶುರು ಮಾಡಿದ್ದಾರೆ. ಬೀಡಿ ಮಾತ್ರ ಇನ್ನೂ ಬಿಟ್ಟಿಲ್ಲವಂತೆ.